ಇಪ್ಪತ್ತೆರಡು ಐಟಂ ಮತ್ತು ಒಂದು ರೈಲು

ಓದುಗರ ಪತ್ರ: ಬದಿಯಡ್ಕದ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದೇನೆ. ಏಳನೇ ತರಗತಿವರೆಗೆ ಮಕ್ಕಳಿದ್ದಾರೆ. ಫೆಬ್ರವರಿಯ ವಾರ್ಷಿಕೋತ್ಸವಕ್ಕೆ ಈ ಸಲ ಸಿನಿಮಾ ಡ್ಯಾನ್ಸ್ ಬೇಡ, ನಮ್ಮ ಕಾಸರಗೋಡಿನ ಬಗ್ಗೆ ಹಾಡು, ದೃಶ್ಯ ಸೇರಿಸಿ ಏನಾದರೂ ಮಾಡಿ ಎಂದಿದ್ದಾರೆ ಹೆಡ್‌ಮಾಷ್ಟ್ರು. ಪಟ್ಟಿ ಮಾಡಿದರೆ 22 ಐಟಂ ಆಯಿತು. ಇಲ್ಲಿ ಆಡುವ ಏಳು ಭಾಷೆಯೂ ಬರಬೇಕಂತೆ, ಎಲ್ಲ ಮಕ್ಕಳೂ ಸ್ಟೇಜ್ ಹತ್ತಬೇಕಂತೆ. ಅರ್ಧ ಮಕ್ಕಳ ಮನೆಮಾತು ತುಳು ಇಲ್ಲವೇ ಮಲಯಾಳ. ಕನ್ನಡದ ಡೈಲಾಗ್ ಹೇಳುವಾಗ ತಡವರಿಸುತ್ತಾರೆ. ಎಲ್ಲಿಂದ ಶುರು ಮಾಡಲಿ? ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಟೀಚರ್, ನಿಮ್ಮ ಪಟ್ಟಿ ಓದಿದೆ. ಒಂದೊಂದೂ ಚೆನ್ನಾಗಿದೆ. ತೊಂದರೆ ಇರುವುದು ಎರಡು ಐಟಂಗಳ ನಡುವೆ. ಹಾಡು ಮುಗಿಯುತ್ತದೆ, ಪರದೆ ಬೀಳುತ್ತದೆ, ‘ಮುಂದಿನ ಕಾರ್ಯಕ್ರಮ ಆರನೇ ತರಗತಿಯ ಮಕ್ಕಳಿಂದ’ ಎಂದು ಮೈಕ್ ಕೂಗುತ್ತದೆ, ಒಳಗಿನಿಂದ ಬೆಂಚು ಎಳೆಯುವ ಸದ್ದು. ಪ್ರತಿ ಸಲ ಎರಡೇ ನಿಮಿಷ ಅಂದುಕೊಂಡರೂ 22 ಐಟಂಗೆ ಹತ್ತಿರಹತ್ತಿರ ಮುಕ್ಕಾಲು ಗಂಟೆ ಜನ ಬರೀ ಪರದೆ ನೋಡುತ್ತಾರೆ. ಹಾಗಾಗಿ ಯಾವ ಹಾಡು ಎಂಬುದನ್ನು ಸದ್ಯಕ್ಕೆ ಬಿಡಿ. ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೀರಿ ಎಂಬುದನ್ನು ಮೊದಲು ತೀರ್ಮಾನ ಮಾಡಿ.

ಇದಕ್ಕೆ ದಾರಿ ನಿಮ್ಮ ಊರಲ್ಲೇ ಇದೆ. ಯಕ್ಷಗಾನದಲ್ಲಿ ಭಾಗವತರು ಪದ ಹೇಳುತ್ತಾರೆ, ವೇಷ ಕುಣಿಯುತ್ತದೆ, ಆಮೇಲೆ ಅರ್ಥ ಮಾತಾಡುತ್ತದೆ. ಮಾತು ಮುಗಿಯುವಷ್ಟರಲ್ಲಿ ಮುಂದಿನ ಪದ ರೆಡಿ. ನಡುವೆ ಯಾರೂ ಬಂದು ಅನೌನ್ಸ್ ಮಾಡುವುದಿಲ್ಲ. ಹಾಗೆಯೇ ಹತ್ತು ಹನ್ನೆರಡು ಮಕ್ಕಳನ್ನು ಸ್ಟೇಜಿನ ಒಂದು ಬದಿಯಲ್ಲಿ ಕೊನೆಯವರೆಗೂ ಹಿಮ್ಮೇಳವಾಗಿ ಕೂರಿಸಿ. ಹಾಡು ಅವರದು. ಕುಣಿಯುವವರು, ಮಾತಾಡುವವರು ಬಂದು ಹೋಗುತ್ತಿರಲಿ. ಪರದೆ ಬೇಡವೇ ಬೇಡ.

ಕಥೆ ಹೆಣೆಯುವುದಕ್ಕೆ ರೈಲು ಸಾಕು. ನಾಲ್ಕು ಬೆಂಚು ಇಟ್ಟರೆ ಬೋಗಿ. ಮಂಜೇಶ್ವರದಿಂದ ಬೇಕಲದವರೆಗೆ ಹೋಗುವ ಒಬ್ಬ ಅಜ್ಜಿ, ಅವರ ಟಿಕೆಟ್ ಕಾಣೆಯಾಗಿದೆ, ಟಿಟಿ ಬೆನ್ನು ಬಿಟ್ಟಿಲ್ಲ. ಇಷ್ಟೇ ಕಥೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಕವಿತೆ. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟ ಸುದ್ದಿಯನ್ನು ಪೇಪರ್ ಮಾರುವ ಹುಡುಗ ಕೂಗಿ ಹೇಳಬಹುದು. ಉಪ್ಪಳದಲ್ಲಿ ಉರ್ದು ಮಾತಾಡುವ ಕುಟುಂಬವೊಂದು ಹತ್ತಲಿ. ಕುಂಬಳೆ ಬಂದರೆ ಯಕ್ಷಗಾನದ ಕವಿ ಪಾರ್ತಿಸುಬ್ಬ, ಬೇರೆ ಯೋಚನೆಯೇ ಬೇಡ. ಹಿಂದೆ ಯಕ್ಷಗಾನ ಮೇಳ ಸೇರಿದ ಹುಡುಗರು ಕೋಡಂಗಿ, ಬಾಲಗೋಪಾಲ ವೇಷಗಳಿಂದಲೇ ಶುರು ಮಾಡುತ್ತಿದ್ದರು. ಒಂದು, ಎರಡನೇ ತರಗತಿಯವರಿಗೆ ಅದನ್ನೇ ಕೊಡಿ. ಕೋಡಂಗಿ ಹೆಜ್ಜೆ ತಪ್ಪಿದರೂ ಕೋಡಂಗಿಯೇ ಅಲ್ವಾ. ಮುಂದೆ ಮೊಗ್ರಾಲಿನಲ್ಲಿ ಸಿಗ್ನಲ್ ಸಿಗದೆ ರೈಲು ನಿಲ್ಲಲಿ. ಮಲಬಾರಿನ ಮುಸ್ಲಿಮರ ಮಾಪ್ಪಿಳ ಹಾಡಿನ ಊರು ಅದು, ಕೈತಟ್ಟಿ ಹಾಡಲು ಅಷ್ಟು ಹೊತ್ತು ಸಿಕ್ಕಿತು. ಕಾಸರಗೋಡಿನಲ್ಲಿ ತಳಂಗರೆ ಟೊಪ್ಪಿ ಮಾರುವವನೂ ಕಾಸರಗೋಡು ಸೀರೆ ನೇಯುವವಳೂ ಒಂದೇ ಬೆಂಚಿಗೆ ಜಗಳ ಮಾಡಲಿ. ಚಂದ್ರಗಿರಿ ಹೊಳೆ ದಾಟುವಾಗ ಎಲ್ಲ ಮಕ್ಕಳೂ ಸೇರಿ ಒಂದು ದೋಣಿ ಹಾಡು. ಬೇಕಲದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯ ಎದುರು ಅಜ್ಜಿ ಇಳಿಯುತ್ತಾರೆ. ಟಿಕೆಟ್ ಸಿಕ್ಕಿತೋ ಇಲ್ಲವೋ ಎಂಬುದನ್ನು ನಿಮ್ಮ ಮಕ್ಕಳೇ ಬರೆಯಲಿ.

ನಿಮ್ಮ ಪಟ್ಟಿಯಲ್ಲಿದ್ದ ತೆಯ್ಯಂ ಮಾತ್ರ ತೆಗೆದುಬಿಡಿ. ಅದು ದೈವಾರಾಧನೆ. ದೈವದ ಅಣಿ, ಮುಖವರ್ಣಿಕೆ ಸ್ಟೇಜಿನ ಡ್ರೆಸ್ ಅಲ್ಲ. ಇದನ್ನು ಒಪ್ಪದವರೂ ಇದ್ದಾರೆ, ಗೊತ್ತು. ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ತಡವರಿಸುವ ಮಕ್ಕಳ ವಿಷಯ. ರೈಲಿನಲ್ಲಿ ಯಾರು ಶುದ್ಧ ಕನ್ನಡ ಮಾತಾಡುತ್ತಾರೆ ಹೇಳಿ? ಟಿಟಿ ಮಲಯಾಳದಲ್ಲಿ ಕೇಳಲಿ, ಅಜ್ಜಿ ತುಳುವಿನಲ್ಲಿ ಬೈಯಲಿ. ಕನ್ನಡವನ್ನು ಜಾಸ್ತಿ ಹಾಡಿನಲ್ಲಿ ತನ್ನಿ. ಮಾತಿನಲ್ಲಿ ತಡವರಿಸುವ ಮಗು ಗುಂಪಿನಲ್ಲಿ ತಾಳ ಹಿಡಿದು ಹಾಡುವಾಗ ಸಲೀಸಾಗಿ ಹೇಳುತ್ತದೆ. ನಿಮ್ಮಲ್ಲಿ ಮಲಯಾಳ ಡಿವಿಷನ್ ಇದ್ದರೆ ಆ ಟೀಚರನ್ನೂ ಈಗಲೇ ಸೇರಿಸಿಕೊಳ್ಳಿ. ಇನ್ನು ಏಳು ಭಾಷೆಯ ಲೆಕ್ಕ. ಕೊಂಕಣಿಯೋ ಮರಾಠಿಯೋ ಮಾತಾಡುವ ಮನೆಯ ಮಗು ಶಾಲೆಯಲ್ಲಿದ್ದರೆ ಅದಕ್ಕೊಂದು ಮಾತು ಕೊಡಿ. ಇಲ್ಲದಿದ್ದರೆ ಸುಮ್ನೆ ಸಂಖ್ಯೆ ತುಂಬಿಸಲು ಹೋಗಬೇಡಿ. ಬಾಯಿಪಾಠ ಮಾಡಿಸಿದ್ದು ಎದುರು ಕೂತವರಿಗೆ ತಕ್ಷಣ ತಿಳಿಯುತ್ತದೆ.

ಒಟ್ಟು ಒಂದೂಕಾಲು ಗಂಟೆ ಮೀರಬಾರದು. ಹಾಡು ಎಂದರೆ ಎರಡು ಚರಣ, ದೃಶ್ಯ ಎಂದರೆ ನಾಲ್ಕೈದು ನಿಮಿಷ.

ಶ್ರುತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಾಡು ಕಲಿಸುವ ಮಾಷ್ಟ್ರು ತಮಗೆ ಅನುಕೂಲ ಎಂದು ಹಾರ್ಮೋನಿಯಂನ ಬಿಳಿ ಒಂದರಲ್ಲಿ (ಮೊದಲ ಬಿಳಿ ಮನೆಯ ಶ್ರುತಿ) ಹಿಡಿದರೆ ಕೆಳಗಿನ ಸ್ವರಗಳಲ್ಲಿ ಮಕ್ಕಳ ಧ್ವನಿ ಕೇಳಿಸುವುದೇ ಇಲ್ಲ. ಬಿಳಿ ನಾಲ್ಕೋ ಐದೋ ಇಟ್ಟು ನೋಡಿ. ಅಲ್ಲೂ ಮೇಲಿನ ಸ್ವರಕ್ಕೆ ಕಿರುಚುತ್ತಾರೆ ಎಂದರೆ ಸ್ವಲ್ಪ ಇಳಿಸಿ. ಚೆಂಡೆ ವೇಷ ಬರುವಾಗ ಮಾತ್ರ ಸಾಕು, ಹಾಡಿಗೆ ಮದ್ದಳೆಯೋ ತಬಲಾವೋ ಇರಲಿ. ಕರೋಕೆ ಟ್ರ್ಯಾಕ್ ನಂಬಿದರೆ ಕರೆಂಟು ಹೋದ ಕ್ಷಣ ಹಾಡೂ ಹೋಯಿತು. ಮೈಕಿನವರಿಗೆ ಹೇಳಿ ಮಾತಿನ ಮೈಕಿನ ಎಕೋ ಪೂರ್ತಿ ತೆಗೆಸಿ. ಇದನ್ನು ಎರಡು ಸಲ ಹೇಳಬೇಕಾಗುತ್ತದೆ.

ಕಾಪಿರೈಟ್ ಭಯ ಬೇಡ. ಶಾಲೆಯ ಮಕ್ಕಳು, ಅಧ್ಯಾಪಕರು ಶಾಲೆಯ ಚಟುವಟಿಕೆಯಾಗಿ ಹೆತ್ತವರ ಎದುರು ಆಡುವುದಕ್ಕೆ 1957ರ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಕವಿಯ ನಂತರದ 60 ವರ್ಷದ ಅವಧಿ 2023ಕ್ಕೆ ಮುಗಿದಿದೆ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳಿಗೆ ಯಾರನ್ನೂ ಕೇಳಬೇಕಾಗಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನು ಬಿಟ್ಟುಹೋದದ್ದು 2015ರಲ್ಲಿ. ಅವರ ಹಾಡನ್ನು ಸ್ಟೇಜಿನಲ್ಲಿ ಹಾಡಿ, ಸಂತೋಷ. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದಾದರೆ ಮಾತ್ರ ರೈಗಳ ಮನೆಯವರ ಒಪ್ಪಿಗೆ ಪಡೆಯಿರಿ. ಆ ವಿನಾಯಿತಿ ಅಲ್ಲಿಗೆ ಸಲ್ಲುವುದಿಲ್ಲ.

ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಹಾಡುಗಳು ಬಾಯಿಗೆ ಬಂದಿರಲಿ. ಅವಕ್ಕೆ ಕ್ಲಾಸಿನಲ್ಲೇ ದಿನಕ್ಕೆ ಹತ್ತು ನಿಮಿಷ ಸಾಕು. ಜನವರಿಯನ್ನು ದೃಶ್ಯಗಳಿಗೆ ಇಟ್ಟುಕೊಳ್ಳಿ.

ಕೊನೆಗೆ ಹೆಡ್‌ಮಾಷ್ಟ್ರ ಹತ್ತಿರ ಒಂದು ಮಾತು ಗಟ್ಟಿಯಾಗಿ ಕೇಳಿಕೊಳ್ಳಿ. ಸಭಾ ಕಾರ್ಯಕ್ರಮ, ಬಹುಮಾನ, ಅತಿಥಿಗಳ ಭಾಷಣ ಎಲ್ಲ ಮಕ್ಕಳ ರೈಲು ಬೇಕಲ ಮುಟ್ಟಿದ ಮೇಲೆ. ರಾತ್ರಿ ಹತ್ತಕ್ಕೆ ಲೌಡ್‌ಸ್ಪೀಕರ್ ನಿಲ್ಲಿಸಬೇಕು ಎಂಬುದು ನಿಯಮ. ಸಮಯ ಕಡಿಮೆ ಬಿದ್ದರೆ ಭಾಷಣಕ್ಕೆ ಬೀಳಲಿ.