ಅಜ್ಜಿಯ ಅಡುಗೆಯನ್ನು ಮನೆಯ ಕಥೆಯ ಸಮೇತ ಸಣ್ಣ ಆಹಾರ ಪತ್ರಿಕೆಗೆ ಬರೆಯುವುದು ಹೇಗೆ?

ಮಂಗಳೂರಿನ ನಿಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದ ಮಳೆಗಾಲದ ಅಡುಗೆಗಳನ್ನು ಒಂದು ಸ್ವತಂತ್ರ ಆಹಾರ ಪತ್ರಿಕೆಗೆ ಬರೆಯಬೇಕೆಂದಿದ್ದೀರಿ. ಅಜ್ಜಿಗೆ ಈಗ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ, ಕುಳಿತಲ್ಲಿಂದ ಹೇಳಿಕೊಡುತ್ತಾರೆ ಎಂದೂ ತಿಳಿಸಿದ್ದೀರಿ. ಯೂಟ್ಯೂಬಿನಲ್ಲಿ ಎಲ್ಲವೂ ಇರುವಾಗ ಇದನ್ನು ಓದುವವರು ಯಾರು, ಬರೆಯುವುದಾದರೆ ಹೇಗೆ, ಪ್ರಕಟವಾದ ಮೇಲೆ ಬರಹದ ಹಕ್ಕು ಯಾರದು ಎಂಬುದು ನಿಮ್ಮ ಪ್ರಶ್ನೆ. ಉಡುಪಿಯಲ್ಲಿದ್ದುಕೊಂಡು ಅಂಥದೇ ಒಂದು ಸಣ್ಣ ಪತ್ರಿಕೆಗೆ ಬರುವ ಬರಹಗಳನ್ನು ಓದಿ ತಿದ್ದುವ ಕೆಲಸ ನನ್ನದಾದ್ದರಿಂದ, ಆ ಅನುಭವದಿಂದಲೇ ಉತ್ತರಿಸುತ್ತೇನೆ.

ನಮಗೆ ಬರುವ ಹೆಚ್ಚಿನ ಬರಹಗಳು ಎರಡು ತುಂಡುಗಳಾಗಿರುತ್ತವೆ. ಮೊದಲ ತುಂಡಿನಲ್ಲಿ ಹಂಚಿನ ಮಾಡು, ಸುರಿಯುವ ಮಳೆ, ಒಲೆಯ ಹೊಗೆ, ಅಜ್ಜಿಯ ಸೆರಗು ಇವೆಲ್ಲ ಇರುತ್ತವೆ; ಎರಡನೆಯದರಲ್ಲಿ ಯಾವ ಅಡುಗೆ ಪುಸ್ತಕದಲ್ಲಾದರೂ ಸಿಗುವಂಥ ಸಾಮಗ್ರಿಗಳ ಪಟ್ಟಿ ಇರುತ್ತದೆ. ಮೊದಲನೆಯದನ್ನು ಹರಿದು ತೆಗೆದರೂ ಎರಡನೆಯದಕ್ಕೆ ಏನೂ ಆಗದಿದ್ದರೆ, ಆ ಕಥೆಗೂ ಆ ಅಡುಗೆಗೂ ಸಂಬಂಧವಿಲ್ಲವೆಂದೇ ನಾನು ತಿಳಿಯುತ್ತೇನೆ. ಅಡುಗೆಯ ಯಾವುದಾದರೂ ಒಂದು ಹಂತ ಹಾಗೇಕೆ ಇದೆ ಎಂಬುದಕ್ಕೆ ಕಥೆಯಲ್ಲಿ ಕಾರಣ ಸಿಗಬೇಕು. ಉದಾಹರಣೆಗೆ, ಒಂದು ಮನೆಯ ಸಾರಿನಲ್ಲಿ ವರ್ಷದ ಒಂದು ತಿಂಗಳು ಮಾತ್ರ ಹುಣಿಸೆಯ ಬದಲು ಒಣಗಿಸಿದ ಮಾವಿನಕಾಯಿ ಹೋಳು, ಒಣಮೆಣಸಿನ ಬದಲು ಒಳ್ಳೆಮೆಣಸು (ಕಾಳುಮೆಣಸು) ಬೀಳುತ್ತಿದ್ದರೆ, ಅದಕ್ಕೆ ಕಾರಣ ಚಾತುರ್ಮಾಸ್ಯದ ಶಾಕವ್ರತ. ಮೊದಲು ತರಕಾರಿ, ಬಳಿಕ ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ ಧಾನ್ಯ ಎಂಬ ಕ್ರಮದಲ್ಲಿ ನಾಲ್ಕು ತಿಂಗಳು ಒಂದೊಂದನ್ನೇ ಬಿಡುವ ಈ ಪದ್ಧತಿ ಉಡುಪಿಯ ಅಷ್ಟಮಠಗಳ ಅಡುಗೆಮನೆಯಲ್ಲಿ ಮಾತ್ರವಲ್ಲ, ಅವುಗಳನ್ನು ನಂಬಿದ ಎಷ್ಟೋ ಮನೆಗಳಲ್ಲಿಯೂ ನಡೆದುಬಂದಿದೆ. ಅಂಥ ಮನೆಯ ಸೊಸೆ ಆ ತಿಂಗಳು ಪಟ್ಟ ಪಾಡನ್ನು ಬರೆದರೆ ಸಾರು ತಾನಾಗಿಯೇ ಅರ್ಥವಾಗುತ್ತದೆ. ಯೂಟ್ಯೂಬಿನ ಪ್ರಶ್ನೆಗೂ ನನ್ನ ಉತ್ತರ ಇಷ್ಟೇ: ಕೈ ಹೇಗೆ ಆಡುತ್ತದೆ ಎಂಬುದನ್ನು ವಿಡಿಯೋ ಚೆನ್ನಾಗಿಯೇ ತೋರಿಸುತ್ತದೆ, ಏಕೆ ಹಾಗೆ ಎಂಬುದನ್ನು ಅದು ಹೇಳುವುದು ಅಪರೂಪ.

ಅಜ್ಜಿ ಕುಳಿತು ಹೇಳುತ್ತಾರೆ, ಮಾಡುವವರು ಬೇರೆ ಎಂಬುದನ್ನು ನೀವು ಕೊರತೆಯೆಂದು ತಿಳಿದಂತಿದೆ. ನನಗದು ಅನುಕೂಲವಾಗಿಯೇ ಕಾಣುತ್ತದೆ. ತಾವೇ ಮಾಡುವಾಗ ಅಜ್ಜಿಯರು ಬಾಯಿ ಬಿಡುವುದಿಲ್ಲ, ಇನ್ನೊಬ್ಬರು ಮಾಡುವಾಗ ಸುಮ್ಮನಿರುವುದಿಲ್ಲ. ಕೆಸುವಿನ ಎಲೆಗೆ ಅರೆದ ಅಕ್ಕಿಯ ಹಿಟ್ಟು ಸವರಿ, ಸುತ್ತಿ ಬೇಯಿಸುವ ಪತ್ರೊಡೆಗೆ ಅಮ್ಮನೋ ಅತ್ತೆಯೋ ಕುಳಿತಿರಲಿ, ನೀವು ಪಕ್ಕದಲ್ಲಿ ಪುಸ್ತಕ ಹಿಡಿದುಕೊಳ್ಳಿ, ಅಜ್ಜಿ ಎಲ್ಲೆಲ್ಲಿ ಬಾಯಿ ಹಾಕುತ್ತಾರೋ ಅಲ್ಲಲ್ಲಿ ಬರೆದುಕೊಳ್ಳಿ. ಎಲೆ ನೆಲದ ಕೆಸುವಿನದೋ, ಮಳೆಗಾಲದಲ್ಲಿ ಮರದ ಮೇಲೆ ಹುಟ್ಟುವ ಮರಕೆಸುವಿನದೋ ಎಂಬಲ್ಲಿ ಮೊದಲ ತಕರಾರು ಬರಬಹುದು. ಎಲೆಯ ಬೆನ್ನು ಮೇಲಾಗುವಂತೆ ಹಾಸಿ, ದಪ್ಪ ನಾರನ್ನು ಕತ್ತಿಯಿಂದ ಹೆರೆದು ಸಮ ಮಾಡದಿದ್ದರೆ ಸುತ್ತುವಾಗ ಎಲೆ ಸೀಳುತ್ತದೆ ಎಂದಾರು. ಅಕ್ಕಿ ನುಣ್ಣಗಾದರೆ ಪತ್ರೊಡೆ ಅಂಟಂಟಾಗುತ್ತದೆ, ರವೆಯಷ್ಟು ತರಿಯಿರಲಿ ಎಂದಾರು. ಒಂದು ಎಲೆಯ ತುದಿ ಇತ್ತ ಬಂದರೆ ಅದರ ಮೇಲಿನದರ ತುದಿ ಅತ್ತ ಹೋಗಬೇಕು, ಇಲ್ಲವಾದರೆ ಸುರುಳಿ ಒಂದು ಕಡೆ ದಪ್ಪವಾಗಿ ನಡುವೆ ಬೇಯದೆ ಉಳಿಯುತ್ತದೆ ಎಂದಾರು. ಹುಳಿಯ ವಿಷಯದಲ್ಲಿಯಂತೂ ಖಂಡಿತ ಮಾತು ಬರುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಹುಣಿಸೆ ಕಡಿಮೆಯಾದರೂ ಬೇಯುವುದು ಸಾಲದಾದರೂ ಗಂಟಲು ತುರಿಸುತ್ತದೆ. ಅಜ್ಜಿಗೆ ಆ ಹೆಸರು ಬೇಕಾಗಿಲ್ಲ, ಓದುಗರಿಗೆ ಬೇಕಾಗಬಹುದು. ಈ ಒಂದೊಂದು ತಿದ್ದುಪಡಿಯ ಹಿಂದೆಯೂ ಎಂದೋ ಕೆಟ್ಟ ಒಂದು ಪತ್ರೊಡೆಯಿರುತ್ತದೆ. ಯಾವಾಗ, ಯಾರ ಮದುವೆಯ ಮರುದಿನ ಎಂದು ಕೇಳಿದರೆ ಕಥೆ ಅಲ್ಲಿಯೇ ಸಿಕ್ಕೀತು.

ಹೇಳುವ ಅಗತ್ಯವೇ ಇಲ್ಲವೆಂದು ಅಜ್ಜಿ ಬಿಟ್ಟುಬಿಡುವ ಮಾತುಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಣಿಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಹೆಚ್ಚಿ, ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ದಿನವೂ ನೀರು ಬದಲಾಯಿಸಬೇಕೆಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ, ಪತ್ರಿಕೆಯನ್ನು ಎಲ್ಲೋ ದೂರದೂರಿನಲ್ಲಿ ಓದುವವರಿಗೆ ಆ ಒಂದು ಸಾಲು ಬೇಕೇಬೇಕು. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಹಾಲೆಮರದ ತೊಗಟೆಯ ಕಷಾಯವನ್ನಾದರೆ ನೆನಪಾಗಿ ಬರೆಯಿರಿ, ಮಾಡುವ ವಿಧಾನವಾಗಿ ದಯವಿಟ್ಟು ಬರೆಯಬೇಡಿ. ನಸುಕಿನ ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತರುವವರಿಗೆ ಮರದ ಗುರುತು ಹಗಲಿನಲ್ಲಿಯೇ ಗೊತ್ತಿರಬೇಕು. ಕಾಸರಕದಂಥ ವಿಷದ ಮರಗಳೂ ನಮ್ಮ ಗುಡ್ಡಗಳಲ್ಲಿಯೇ ಇವೆ.

ಅಳತೆಯ ಬಗ್ಗೆ ಹೇಳುವುದಾದರೆ, ಕುಡ್ತೆ, ಪಾವು, ಕಾಯಿಕಡಿ ಎಂದು ಅಜ್ಜಿ ಹೇಳಿದಂತೆಯೇ ಬರೆದು, ಜೊತೆಯಲ್ಲಿ ಗ್ರಾಮಿನಲ್ಲಿಯೂ ಕೊಡಿ. ‘ಲಿಂಬೆಹಣ್ಣಿನಷ್ಟು ಹುಣಿಸೆ’ ಎಂಬ ಸಾಲು ಎಲ್ಲ ಬರಹಗಳಲ್ಲಿಯೂ ಬರುತ್ತದೆ, ಲಿಂಬೆಯ ಗಾತ್ರವನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಜ್ಜಿಯ ಕೈಯಿಂದಲೇ ಹುಣಿಸೆಯನ್ನು ತೆಗೆಸಿ ತಕ್ಕಡಿಗೆ ಹಾಕಿ. ಅಕ್ಕಿ ಬೆಳ್ತಿಗೆಯೋ (ಬಿಳಿ ಅಕ್ಕಿ) ಕುಚ್ಚಲೋ ಎಂದು ನಮೂದಿಸದ ಪಾಕವಿಧಾನವನ್ನು ನಾವು ಹಿಂದಿರುಗಿಸಿಯೇ ಕೇಳುತ್ತೇವೆ. ಅಡುಗೆ ಗೊತ್ತಿಲ್ಲದ ಒಬ್ಬರಿಂದ, ಬರೆದದ್ದನ್ನು ಮಾತ್ರ ಓದಿಸಿ ಒಮ್ಮೆ ಮಾಡಿಸಿ ನೋಡಿ. ಸಣ್ಣ ಪತ್ರಿಕೆಗಳಿಗೆ ಪರೀಕ್ಷಿಸಲು ಸ್ವಂತ ಅಡುಗೆಮನೆ ಇರುವುದಿಲ್ಲ.

‘ಕರಾವಳಿಯ ಅಡುಗೆ’ ಎಂಬಷ್ಟು ದೊಡ್ಡ ಗಂಟಿಗೆ ಕೈ ಹಾಕಬೇಡಿ. ಉಡುಪಿ ಬಳಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳದ ಬಗ್ಗೆ ಬರೆಯುವವರು ಸೋದೆ ಮಠದ ಯತಿ ವಾದಿರಾಜರು ಬೀಜ ಕೊಟ್ಟ ಐತಿಹ್ಯದಿಂದ ಆರಂಭಿಸಿ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಲ್ಲಿಗೆ ಮುಗಿಸುತ್ತಾರೆ. ಅವರ ಮನೆಯಲ್ಲಿ ಗುಳ್ಳದ ಹುಳಿಗೆ ಏನೇನು ಬೀಳುತ್ತದೆ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಹಾಗೆಯೇ, ನಿಮ್ಮ ಮನೆಯದೇ ಅಸಲಿ ಪತ್ರೊಡೆ ಎಂದೂ ಬರೆಯಬೇಡಿ. ಕೊಂಕಣಿಗರ ಮನೆಯಲ್ಲಿ ಹೋಳು ಮಾಡಿ ಮೇಲೆ ತೆಂಗಿನೆಣ್ಣೆ ಸುರಿದುಕೊಳ್ಳುತ್ತಾರೆ, ಇನ್ನೊಂದು ಮನೆಯಲ್ಲಿ ಪುಡಿ ಮಾಡಿ ಬೆಲ್ಲ, ಕಾಯಿತುರಿ ಹಾಕಿ ಒಗ್ಗರಿಸುತ್ತಾರೆ, ಕ್ರೈಸ್ತರ ಮನೆಗಳಲ್ಲಿಯೂ ಅದು ಉಂಟು. ‘ನಮ್ಮ ಮನೆಯಲ್ಲಿ’ ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ, ‘ಸಾಂಪ್ರದಾಯಿಕ’ ಎಂದರೆ ಸಂಪಾದಕರಿಗೆ ಪತ್ರಗಳು ಬರತೊಡಗುತ್ತವೆ. ಮನೆಯ ಜಗಳ, ಪಾಲುಪಟ್ಟಿ, ಯಾರದೋ ಕಾಯಿಲೆ ಕಥೆಯೊಳಗೆ ಬರುವುದಾದರೆ, ಸಂಬಂಧಪಟ್ಟವರಿಗೆ ಅಚ್ಚಿಗೆ ಮೊದಲೇ ಓದಿ ಹೇಳಿ.

ಇನ್ನು ಹಕ್ಕಿನ ವಿಷಯ. ಸಾಮಗ್ರಿಗಳ ಬರಿಯ ಪಟ್ಟಿಯ ಮೇಲೆ ಯಾರೂ ಹಕ್ಕು ಸಾಧಿಸಲಾಗುವುದಿಲ್ಲ, ನೀವು ಅದನ್ನು ಬರೆದ ಮಾತುಗಳ ಮೇಲೆ ನಿಮಗೆ ಹಕ್ಕುಂಟು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಪತ್ರಿಕೆಯ ನೌಕರರಲ್ಲದವರು ಸ್ವಂತಕ್ಕೆ ಬರೆದು ಕಳುಹಿಸಿದ ಬರಹದ ಮೊದಲ ಒಡೆತನ ಅವರದೇ. ಆ ಹಕ್ಕನ್ನು ಪತ್ರಿಕೆಗೆ ವರ್ಗಾಯಿಸಬೇಕಾದರೆ ನಿಮ್ಮ ಸಹಿಯಿರುವ ಬರವಣಿಗೆ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ 19ನೇ ಕಲಮಿನ ಪ್ರಕಾರ ತಿಳಿಯಲಾಗುತ್ತದೆ. ಒಮ್ಮೆ ಪ್ರಕಟಿಸುವ ಅನುಮತಿಯನ್ನಷ್ಟೇ ಕೊಟ್ಟು, ಮುಂದೆ ಪುಸ್ತಕ ಮಾಡುವ ಹಕ್ಕನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಇಂಥ ಪತ್ರಿಕೆಗಳ ಆಯುಷ್ಯ ಹೇಳಲಾಗದು. ಒಂದೊಂದು ಸಂಚಿಕೆಗೆ ಒಂದೊಂದು ವಿಷಯವನ್ನೇ ಎತ್ತಿಕೊಂಡು ಹೆಸರು ಮಾಡಿದ್ದ ಅಮೆರಿಕದ ‘ಲಕ್ಕಿ ಪೀಚ್’ ಕೂಡ 2011ರಲ್ಲಿ ಆರಂಭವಾಗಿ 2017ರಲ್ಲಿ ನಿಂತುಹೋಯಿತು. ಸಂಭಾವನೆಯನ್ನು ಮೊದಲೇ ಕೇಳಿ, ಸಂಕೋಚ ಬೇಡ. ಕೆಲವರು ಸಂಚಿಕೆಯ ಪ್ರತಿಗಳನ್ನಷ್ಟೇ ಕೊಡುತ್ತಾರೆ.

ಅಚ್ಚಾಗುವ ಪತ್ರಿಕೆಯಾದರೆ ಮಳೆಗಾಲದ ಸಂಚಿಕೆಯ ಬರಹಗಳನ್ನು ಬೇಸಿಗೆ ಮುಗಿಯುವ ಮೊದಲೇ ಆರಿಸಿರುತ್ತಾರೆ, ಆ ಹೊತ್ತಿಗೆ ಕೆಸು ಸಿಗುವುದು ಕಷ್ಟ. ಆದ್ದರಿಂದ ಈ ಆಟಿಯಲ್ಲಿಯೇ ಅಡುಗೆ ಮಾಡಿಸಿ, ಚಿತ್ರ ತೆಗೆದು, ಅಳತೆ ಬರೆದಿಟ್ಟುಕೊಂಡು, ಬರಹವನ್ನು ಮುಂದಿನ ಜನವರಿಯಲ್ಲಿ ಕಳುಹಿಸಿ.