‘ನಂಗೆ ಏರೋದೇ ಇಲ್ಲ’ ಅನ್ನುವ ಕೊನೆಗೌಡರು

ತೀರ್ಥಹಳ್ಳಿ ಕಡೆಯವರು, ನಲವತ್ತು ದಾಟಿದ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊಂಚಲು) ಕೊಯ್ಯುವವರು. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಕುಡಿತ ಬಿಡಿಸಬೇಕೆಂದು ನನ್ನ ಬಳಿ ಕರೆತಂದವರು ಹೆಂಡತಿ ಮತ್ತು ಆಕೆಯ ಅಣ್ಣ. ಕೂತ ಕೂಡಲೇ ಕೊನೆಗೌಡರೇ ಶುರು ಮಾಡಿದರು: “ಮೂರು ಕ್ವಾರ್ಟರ್ ಹಾಕಿದ್ರೂ ನಂಗೆ ಏರೋದೇ ಇಲ್ಲ ಮೇಡಂ. ಉಳಿದೋರೆಲ್ಲ ಮಗುಚಿ ಬೀಳ್ತಾರೆ, ಬೈಕಲ್ಲಿ ಮನೆಗೆ ಬಿಡೋನು ನಾನೇ.” ಭಾವ ನಕ್ಕರು. ಹೆಂಡತಿ ನಗಲಿಲ್ಲ.

ಏರುವುದಿಲ್ಲ ಅನ್ನುವುದು ಗಟ್ಟಿತನವಲ್ಲ, ಮಿದುಳು ಮದ್ಯಕ್ಕೆ ಒಗ್ಗಿಹೋದ ಲಕ್ಷಣ. 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಸಾಮಾನ್ಯವಾಗಿ ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ಕುಡಿತ ರೂಢಿಯಾದವರಲ್ಲಿ ತುಸು ಬೇಗ ಕರಗಬಹುದು. ಆದರೂ ರಾತ್ರಿಯ ಮೂರು ಕ್ವಾರ್ಟರ್ ಬೆಳಿಗ್ಗೆ ತೋಟಕ್ಕೆ ಹೊರಟಾಗಲೂ ಮೈಯಲ್ಲೇ ಇರುತ್ತದೆ.

ಎಷ್ಟು ಕುಡಿತೀರಿ ಅಂತ ನಾನು ಕೇಳಲಿಲ್ಲ. ಕೇಳಿದರೆ ಅದಕ್ಕೂ ಜಂಬದ ಉತ್ತರವೇ ಸಿಗುತ್ತಿತ್ತು. “ಈ ಸಲದ ಕೊಯ್ಲಲ್ಲಿ ಮರ ಹತ್ತಿದ್ರಾ?” ಅಂದೆ. ಅವರು ಸುಮ್ಮನಾದರು. “ಎರಡು ವರ್ಷ ಆಯ್ತು ಮೇಡಂ,” ಅಂದರು ಹೆಂಡತಿ. “ಬೆಳಿಗ್ಗೆ ಒಂದು ನೈಂಟಿ ಹೋಗದೆ ಇವ್ರ ಕೈಲಿ ಚಾ ಲೋಟ ನಿಲ್ಲಲ್ಲ.”

ಒಂದು ಕಾಲಕ್ಕೆ ಇಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದವರು. ಈಗ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದು, ಹುಡುಗರು ನೆಲದಲ್ಲೇ ನಿಂತು ಕೊನೆ ಇಳಿಸುತ್ತಾರೆ. ತೋಟದವರು ಕರೆಯುವುದೂ ಅವರನ್ನೇ. ಇವರು ಮರದ ತುದಿಯಲ್ಲಿ ಉಳಿದದ್ದು ಬಾರಿನ ಮಾತಲ್ಲಿ ಮಾತ್ರ. ಚಿಕಿತ್ಸೆ ಬೇಕಾದ ಜಾಗ ನನಗೆ ಕಂಡದ್ದೂ ಅಲ್ಲೇ.

“ಮನಸ್ಸು ಮಾಡಿದ್ರೆ ನಾಳೆಯಿಂದಲೇ ಮುಟ್ಟಲ್ಲ,” ಅಂದರು. ಜಂಬದ ಮಾತುಗಳಲ್ಲೆಲ್ಲ ಅಪಾಯದ್ದು ಇದು. ಬೆಳಿಗ್ಗೆ ಕೈ ನಡುಗುವವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ಇಲ್ಲದ್ದು ಕಂಡು, ಗೊಂದಲವಾಗಿ, ಜೀವಕ್ಕೇ ಬರಬಹುದು. ಅದಕ್ಕೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ವೈದ್ಯರ ಕಣ್ಣೆದುರು ಮಾತ್ರೆಯ ಆಸರೆಯಲ್ಲಿ ಬಿಡಬೇಕು, ಬಿ1 ವಿಟಮಿನ್ ಸೇರಬೇಕು.

ಹೆಂಡತಿಗೆ ಯಾರೋ ಕುಡಿತ ಬಿಡಿಸುತ್ತದೆಂದು ಸಾರಿಗೆ ಬೆರೆಸಲು ಪುಡಿ ಕೊಟ್ಟಿದ್ದರು. ಅದನ್ನು ಎಸೆಯಲು ಹೇಳಿದೆ. ಅಂಥದ್ದರಲ್ಲಿ ಮದ್ಯದ ಜೊತೆ ಸೇರದ ಔಷಧಿ ಡೈಸಲ್ಫಿರಾಮ್ ಇದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು. ನಾಲ್ಕು ಜನರ ಮುಂದೆ ಹೀಯಾಳಿಸಬೇಡಿ, ಬೆಳಿಗ್ಗೆ ಮಾತಾಡಿ ಅಂದೆ.

ಭಾವನಿಗೆ ಹೇಳಿದ್ದು ಒಂದೇ: “ನೀವು ನಗೋದು ನಿಲ್ಸಿ. ಆ ನಗು ಕೇಳೋಕೇ ಅವರು ಮೂರನೇದು ಹಾಕೋದು.” ಕೊಂಚ ಮುನಿಸಿಕೊಂಡರು, ಇರಲಿ.

ಕೊನೆಗೌಡರಿಗೆ ಗೆಳೆಯರೆದುರು ಪ್ರತಿಜ್ಞೆ ಬೇಡವೆಂದೆ. “ಮಾತ್ರೆ ನಡೀತಿದೆ, ಆಗಲ್ಲ ಮಾರಾಯ” ಅಂದರೆ ಸಾಕು, ಮಾತ್ರೆ ಅಂದರೆ ಇವರ ಪೈಕಿ ಯಾರೂ ಒತ್ತಾಯಿಸುವುದಿಲ್ಲ. ವೈದ್ಯರು ಹೇಳುವವರೆಗೆ ಮರ ಹತ್ತುವುದಾಗಲಿ ಬೈಕಾಗಲಿ ಬೇಡ. ಆದರೆ ಯಾವ ಕೊನೆ ಹದಕ್ಕೆ ಬಂದಿದೆ ಅಂತ ನೆಲದಿಂದಲೇ ಹೇಳುವ ಕಣ್ಣು ದೋಟಿ ಹುಡುಗರಿಗಿಲ್ಲ. ಆ ಕೆಲಸಕ್ಕೆ ಕರೆಯುವಂತೆ ತೋಟದವರನ್ನು ಕೇಳಲು ಭಾವ ಒಪ್ಪಿದ್ದಾರೆ.

ದೂರ ಬರಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಇವರು ಆಸ್ಪತ್ರೆಗೆ ಸೇರಿದ್ದಾರೆ. ಮುಂದಿನ ಭೇಟಿಗೆ ಗಂಡ-ಹೆಂಡತಿ ಇಬ್ಬರೇ ಬರಲಿ ಎಂದಿದ್ದೇನೆ.