ಬಾಗಲಕೋಟೆಯಲ್ಲಿ ನಡೆದ ಅಜ್ಜನ ಕಾಲದ ಹೊಲದ ದಾವೆಯ ತೀರ್ಪು ಈಗ ಪಡೆಯುವುದು ಹೇಗೆ?

ತೀರ್ಪು ಕೊಟ್ಟ ನ್ಯಾಯಾಲಯದ ನಕಲು ಶಾಖೆಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬೇಕು. ಪಕ್ಷಗಾರರ ವಾರಸುದಾರರಾಗಿದ್ದರೆ ಅದನ್ನು ಅರ್ಜಿಯಲ್ಲೇ ಬರೆಯಿರಿ. ಸಂಬಂಧವೇ ಇಲ್ಲದವರು ಕಾರಣ ತೋರಿಸಿ ಅನುಮತಿ ಕೇಳಬೇಕಾಗಬಹುದು.

ನಿಜವಾದ ಕಷ್ಟ ಇರುವುದು ದಾವೆಯ ಸಂಖ್ಯೆ, ವರ್ಷ ಪತ್ತೆ ಮಾಡುವುದರಲ್ಲಿ. ಕಡತಗಳನ್ನು ಜೋಡಿಸಿಡುವುದೇ ಇವೆರಡರ ಮೇಲೆ. ಬರೀ ಅಜ್ಜನ ಹೆಸರು ಹೇಳಿದರೆ ದಫ್ತರದವರಿಗೂ ಹುಡುಕುವುದು ಕಷ್ಟ. ಇತ್ತೀಚಿನ ಕೇಸಾದರೆ ನ್ಯಾಯಾಲಯಗಳ ಕೇಸಿನ ವಿವರ ಕೊಡುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು, ವರ್ಷ ಹಾಕಿದರೆ ಸಿಗುತ್ತದೆ. ಹಳೆಯದಾದರೆ ಹೊಲದ ಹಳೆ ಉತಾರ (ಪಹಣಿ) ಮತ್ತು ಹಕ್ಕು ಬದಲಾವಣೆಯ ದಾಖಲೆ ತೆಗೆಸಿ. ಡಿಕ್ರಿಯಿಂದ, ಅಂದರೆ ತೀರ್ಪಿನಂತೆ ಹೊರಟ ಕೋರ್ಟಿನ ಆದೇಶದಿಂದ, ಹೆಸರು ಬದಲಾಗಿದ್ದರೆ ‘ಓ.ಎಸ್. 112/1984’ ಎಂಬಂಥ ಉಲ್ಲೇಖ ಅಲ್ಲಿರುವ ಸಾಧ್ಯತೆ ಹೆಚ್ಚು. ಓ.ಎಸ್. ಅಂದರೆ ಮೂಲ ದಾವೆ. ಇನ್ನೊಂದು ಮಾತು: 1997ರವರೆಗೆ ಬಾಗಲಕೋಟೆ ಅಂದಿನ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಆ ಕಾಲದ ಮೇಲ್ಮನವಿ ಕಡತವನ್ನು ವಿಜಯಪುರದ ಜಿಲ್ಲಾ ನ್ಯಾಯಾಲಯದಲ್ಲೂ ವಿಚಾರಿಸಲೇಬೇಕು.

ತಾಣದಿಂದ ಇಳಿಸಿಕೊಂಡ ಪ್ರತಿ ಓದಲು ಸಾಕು, ಸಾಕ್ಷ್ಯಕ್ಕೆ ಸಾಲದು. ‘ನಿಜ ನಕಲು’ ಎಂಬ ಷರಾ, ಅಧಿಕಾರಿಯ ಸಹಿ, ದಿನಾಂಕ, ಮೊಹರು ಇರುವ ಪ್ರತಿಯಿಂದಲೇ ಮೂಲ ಕಡತ ತರಿಸದೆ ತೀರ್ಪನ್ನು ರುಜುವಾತು ಮಾಡಬಹುದು.

ಹೊಸ ತೀರ್ಪಿನ ಮೇಲೆ ಮೇಲ್ಮನವಿ ಹಾಕುವವರು ಅರ್ಜಿಯನ್ನು ತಡಮಾಡಬೇಡಿ. ನಕಲು ಸಿದ್ಧವಾಗಲು ಹಿಡಿದ ಅವಧಿಯನ್ನು ಮೇಲ್ಮನವಿಯ ಗಡುವಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅರ್ಜಿ ಹಾಕುವ ಮೊದಲು ಕಳೆದ ದಿನಗಳು ಲೆಕ್ಕಕ್ಕೆ ಸೇರುತ್ತವೆ.